ಜೋಡಿ ಅಲಗು

ಈರಣ್ಣ ಬಡಿಗೇರನ ಮರ ಹೆರೆಯುವ ಹತ್ತರಿಗೆ ಎರಡು ಅಲಗುಗಳಿದ್ದವು. ಒಂದು ಅವನ ಜೊತೆ ಕೆಲಸಕ್ಕೆ ಹೋದರೆ ಇನ್ನೊಂದು ಮನೆಯಲ್ಲಿ ಹೆಂಡತಿ ರುದ್ರವ್ವನ ಹತ್ತಿರ ಉಳಿಯುತ್ತಿತ್ತು. ದಿನವಿಡೀ ಸಾಗವಾನಿ ಹೆರೆದು ಮೊಂಡಾದ ಅಲಗನ್ನು ಸಂಜೆ ತಂದು ಅವನು ಅಡುಗೆಮನೆ ಕಟ್ಟೆಯ ಮೇಲೆ ಇಡುವುದು, ಮರುದಿನ ಮಧ್ಯಾಹ್ನ ಅವಳು ಗ್ಯಾಲರಿಯಲ್ಲಿ ಕೂತು ಅದನ್ನು ಸಾಣೆಕಲ್ಲಿನ ಮೇಲೆ ಮಸೆಯುವುದು, ಅದರ ಮರುದಿನ ಬೆಳಗ್ಗೆ ಊಟದ ಡಬ್ಬಿಯ ಜೊತೆ ಆ ಅಲಗು ಅವನ ಚೀಲ ಸೇರುವುದು. ಮದುವೆಯಾದಾಗಿನಿಂದ ಮೂವತ್ತೊಂದು ವರ್ಷ ಇದು ಹೀಗೇ ನಡೆದಿತ್ತು. ಊರಲ್ಲಿ ಹತ್ತರಿ ಅನ್ನಿಸಿಕೊಳ್ಳುತ್ತಿದ್ದದ್ದು ಪುಣೆಗೆ ಬಂದು ರಂಧಾ ಆಯಿತು, ಬೈಲಹೊಂಗಲದ ಹುಡುಗ ಅಲ್ಲಿನ ಕೊಂಢವಾ ಬಡಾವಣೆಯ ಬಡಿಗೇರ ಕಾಕಾ ಆದ. ಆದರೆ ಅಲಗಿನ ಈ ಹೋಗಿಬರುವಿಕೆ ಮಾತ್ರ ಬದಲಾಗಲಿಲ್ಲ.

ಅಲಗುಗಳನ್ನು ಮಾಡಿದವನು ರುದ್ರವ್ವನ ಅಪ್ಪ. ಕಿತ್ತೂರಿನ ಕಡೆಯ ಕಮ್ಮಾರ. ಮಗಳ ಮದುವೆಯಲ್ಲಿ ಅಳಿಯನ ಕೈಗೆ ಬಂಗಾರದ ಉಂಗುರದ ಬದಲು ಅರಿವೆಯಲ್ಲಿ ಸುತ್ತಿದ ಎರಡು ಅಲಗು ಇಟ್ಟಿದ್ದ, ಜೊತೆಗೆ ಒಂದು ಸಾಣೆಕಲ್ಲು. ಕಬ್ಬಿಣದ ಪಟ್ಟಿಯ ಮುಂದಿನ ಮೂರು ಬೆರಳಗಲಕ್ಕೆ ಮಾತ್ರ ಉಕ್ಕು ಬೆಸೆದು, ಉಕ್ಕು ಮುಗಿಯುವಲ್ಲಿ ಸಾಲಾಗಿ ಮೂರು ಚುಕ್ಕೆ ಹೊಡೆದಿದ್ದ. ಆ ಚುಕ್ಕೆಗಳಾಚೆ ಬರೀ ಮೆತ್ತನೆ ಕಬ್ಬಿಣ, ಅದಕ್ಕೆ ಮೊನೆ ನಿಲ್ಲುವುದಿಲ್ಲ. "ಚುಕ್ಕಿ ಮುಟ್ಟೂತನಕ ನಿಮ್ಮ ಸಂಸಾರಕ್ಕ ಕೊರತಿ ಇಲ್ಲ. ಮಸಿಯೋ ಕೆಲಸ ಮಾತ್ರ ಆಕಿಗೇ ಬಿಡ್ರಿ ಅಳಿಯಂದಿರ, ನಿಮ್ಮ ಕೈ ಭಾಳ ಒರಟದ," ಅಂದಿದ್ದ ಮಾವ, ಮದುವೆ ಚಪ್ಪರದಲ್ಲೇ, ನಾಲ್ಕು ಮಂದಿ ನಗುವಂತೆ.

ಅದು ನಿಜವೂ ಆಗಿತ್ತು. ರುದ್ರವ್ವ ಮಸೆಯಲು ಕೂತರೆ ಅದನ್ನು ನೋಡುವುದೇ ಒಂದು ಚೆಂದ. ಕಲ್ಲನ್ನು ಮೊದಲು ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೂ ಕಾಯುತ್ತಿದ್ದಳು. ಆಮೇಲೆ ಅಲಗಿನ ಇಳಿಜಾರು ಮುಖವನ್ನು ಕಲ್ಲಿಗೆ ಒರಗಿಸಿ, ಮೊದಲು ಅದರ ಹಿಮ್ಮಡಿ, ಅಂದರೆ ಹಿಂದಿನ ಅಂಚು, ಊರಿ, ನಿಧಾನವಾಗಿ ಮುಂದಕ್ಕೆ ವಾಲಿಸುವಳು. ಮೊನೆ ಕಲ್ಲಿಗೆ ಕೂತ ಗಳಿಗೆಯಲ್ಲಿ ಅದರ ಅಡಿಯಿಂದ ನೀರು ಒಂದು ಎಳೆಯಾಗಿ ಹೊರಗೆ ಬರುತ್ತಿತ್ತು. ಆ ಎಳೆ ಕಂಡ ಮೇಲೆ ಅವಳ ಮಣಿಕಟ್ಟು ಕೀಲು ಜಡಿದಂತೆ ನಿಂತುಬಿಡುವುದು, ಭುಜವಷ್ಟೇ ಹಿಂದೆ ಮುಂದೆ. ಕಲ್ಲಿನ ನಡುವೆಯೇ ಉಜ್ಜಿದರೆ ಗುಂಡಿ ಬೀಳುತ್ತದೆಂದು ಇಡೀ ಕಲ್ಲಿನ ಮೈ ಬಳಸುವಳು. ಅಲಗಿನ ಬೆನ್ನ ಕಡೆ ಬೆರಳಿಗೆ ಮಸೆದ ಉಕ್ಕಿನ ಸಣ್ಣದೊಂದು ಗರಕು ತಾಕತೊಡಗಿದಾಗ ಮಗುಚಿ, ಬೆನ್ನನ್ನು ಕಲ್ಲಿಗೆ ಪೂರ್ತಿ ಮಲಗಿಸಿ ಎರಡು ಸಲ ಎಳೆದರೆ ಅದೂ ಉದುರುವುದು. ಕೊನೆಗೆ ಎರಡೂ ಮೂಲೆಗಳಿಗೆ ಮೂರು ಮೂರು ಸಲ ಒತ್ತು, ಹಲಗೆಯ ಮೇಲೆ ಗೆರೆ ಬೀಳದಿರಲಿ ಎಂದು. ಆಮೇಲೆ ಎಡ ಮುಂಗೈ ಮೇಲೆ ಅಲಗನ್ನು ಸವರಿ ನೋಡುವಳು. ಕೂದಲು ಸದ್ದಿಲ್ಲದೆ ಉದುರಬೇಕು. ಹೀಗೆ ನೋಡಿ ನೋಡಿ ಅವಳ ಎಡ ಮುಂಗೈ ಮೇಲೆ ರೂಪಾಯಿಯಷ್ಟಗಲ ಜಾಗ ಯಾವಾಗಲೂ ಬೋಳಾಗಿರುತ್ತಿತ್ತು. ಮದುವೆ, ಮುಂಜಿವೆಗಳಿಗೆ ಹೋಗುವಾಗ ಬಳೆಗಳನ್ನು ಅದರ ಮೇಲೆ ಸರಿಸಿಕೊಳ್ಳುವಳು.

ಇಷ್ಟಾದರೂ ಈರಣ್ಣ ಒಂದು ದಿನವೂ ಹೊಗಳಿದವನಲ್ಲ. ಸಂಜೆ ಬಂದು ಚೀಲ ಇಡುತ್ತ, "ಏನವ್ವಾ, ಇವತ್ತ ರೊಟ್ಟಿಗೆ ಬೆಣ್ಣಿ ಹಚ್ಚಾಕ ಕೊಟ್ಟಿದ್ದೇನು ಇದನ್ನ?" ಅನ್ನುವನು. ಅವಳು ಒಲೆಯ ಕಡೆಯಿಂದ ತಿರುಗದೆಯೇ, "ಸಾಗವಾನಿಗೆ ಹೊಡೀರಿ ಅಂತ ಕೊಟ್ರ ಮೊಳಿಗೆ ಹೊಡಕೊಂಡು ಬಂದೀರಿ, ನನಗ್ಯಾಕ ಅಂತೀರಿ," ಅನ್ನುವಳು. ಮಗಳು ರೇಣು ಬೆಳೆದದ್ದೇ ಈ ಮಾತುಗಳ ನಡುವೆ. ಅಪ್ಪ ಬೈದ, ಅವ್ವ ತಿರುಗಿಸಿ ಅಂದಳು ಅಂದರೆ ಊಟಕ್ಕೆ ಹೊತ್ತಾಯಿತು ಅಂತ ಅವಳಿಗೆ ಲೆಕ್ಕ.

ಹೋದ ವರ್ಷ ದೀಪಾವಳಿಗೆ ಮುಂಚೆ ರುದ್ರವ್ವನ ಬಲಗೈ ಹೆಬ್ಬೆರಳು ತಾನಾಗಿ ಅಲುಗತೊಡಗಿತು. ಆಮೇಲೆ ಇಡೀ ಕೈ. ಆಫೀಸಿಗೆ ರಜೆ ಹಾಕಿ ರೇಣು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇದು ಪಾರ್ಕಿನ್ಸನ್, ಮಾತ್ರೆಯಿಂದ ಹತೋಟಿಯಲ್ಲಿಡಬಹುದು, ವಾಸಿ ಮಾತ್ರ ಆಗುವುದಿಲ್ಲ, ಮುಂದೆ ಧ್ವನಿಯೂ ಸಣ್ಣದಾಗಬಹುದು ಎಂದು ಅವರು ಹೇಳಿದರು. ರುದ್ರವ್ವ ಲಟ್ಟಣಿಗೆ ಬಿಟ್ಟಳು. ಸೂಜಿ ಬಿಟ್ಟಳು. ಕುಪ್ಪಸದ ಗುಂಡಿಗೆ ಮಗಳನ್ನು ಕರೆಯತೊಡಗಿದಳು. ಅಲಗನ್ನು ಮಾತ್ರ ಬಿಡಲಿಲ್ಲ.

ಆ ಮೊದಲ ವಾರವೇ ಈರಣ್ಣನಿಗೆ ಗೊತ್ತಾಗಿತ್ತು. ಚಪ್ಪಟೆಯಾಗಿರಬೇಕಾದ ಇಳಿಜಾರು ಅಕ್ಕಿಕಾಳಿನ ಹೊಟ್ಟೆಯಂತೆ ದುಂಡಗಾಗಿತ್ತು. ಹಲಗೆಯ ಮೇಲೆ ನೂಕಿದರೆ ಹತ್ತರಿ ಜಾರಿಹೋಯಿತು, ಕಚ್ಚಲೇ ಇಲ್ಲ. ಈರಣ್ಣನ ಅಂಗಡಿಯಿದ್ದ ಶೆಡ್ಡಿನ ಇನ್ನರ್ಧದಲ್ಲಿ ಸನ್‌ಮೈಕಾ ಕೆಲಸ ಮಾಡುವ, ಭೋರ್ ಊರಿನ ಬಾಳು ಎಂಬವನು ಇದನ್ನು ನೋಡಿದ. ಮೊಬೈಲಿನಲ್ಲಿ ಕಂಡು ತರಿಸಿಟ್ಟಿದ್ದ ಒಂದು ಸಾಣೆಯ ತಗಡನ್ನೂ, ಅಲಗನ್ನು ಒಂದೇ ಓರೆಯಲ್ಲಿ ಬಿಗಿಹಿಡಿಯುವ ಪುಟ್ಟ ಗಾಲಿಯನ್ನೂ ಕೊಟ್ಟ.

"ಕಾಕಾ, ಇದರಲ್ಲಿ ಕಲಿಯೋದೇನಿಲ್ಲ," ಅಂದ ಬಾಳು ಮರಾಠಿಯಲ್ಲಿ. "ಸಿಕ್ಕಿಸೋದು, ಉರುಳಿಸೋದು. ನನ್ನ ಅಜ್ಜಿ ಕೂಡ ಮಸೆದಾಳು."

"ನನ್ನ ಹೆಂಡತಿಗೆ ಕೇಳಿಸದಿರಲಿ ನಿನ್ನ ಮಾತು," ಅಂದ ಈರಣ್ಣ.

ಅಂದಿನಿಂದ ಅದೇ ರೂಢಿಯಾಯಿತು. ಅವಳು ಇಡೀ ಮಧ್ಯಾಹ್ನ ಕೂತು ಮಸೆದದ್ದನ್ನು ಅವನು ಮರುದಿನ ಬೆಳಗ್ಗೆ ಅಂಗಡಿಯಲ್ಲಿ ಹದಿನೈದು ನಿಮಿಷದಲ್ಲಿ ಅಳಿಸಿಹಾಕಿ ಹೊಸ ಮೊನೆ ಕಟ್ಟುವನು. ಮೂಲೆಗಳನ್ನು ಅವಳಂತೆಯೇ ಮೂರು ಮೂರು ಸಲ ಒತ್ತುವನು, ಸಂಜೆ ಅವಳ ಬೆರಳಿಗೆ ವ್ಯತ್ಯಾಸ ತಿಳಿಯದಿರಲೆಂದು. ಮನೆಗೆ ಬಂದು ಅಲಗನ್ನು ಕಟ್ಟೆಯ ಮೇಲಿಟ್ಟು, "ಚಲೋ ಆಗಿತ್ತು," ಅನ್ನುವನು.

"ಅವ್ವಗ ಹೇಳಬಾರದೇನಪ್ಪಾ?" ಅಂದಿದ್ದಳು ವಿಷಯ ಗೊತ್ತಿದ್ದ ರೇಣು, ಒಂದು ಬೆಳಗ್ಗೆ ಅವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಿಡಲು ಹೋಗುವಾಗ. "ಆಕಿ ಏನ್ ಸಣ್ಣ ಹುಡಿಗಿ ಏನು?"

"ಏನಂತ ಹೇಳ್ಲಿ? ನಿನ್ನ ಕೈ ಮುಗೀತು ಅಂತ ಹೇಳ್ಲೇನು?"

"ಹಂಗಲ್ಲ. ನೀ ಕಲಿಸು, ನಾ ಮಸೀತೀನಿ ಅನ್ನು."

"ಎರಡೂ ಒಂದ ಆತಲ್ಲವ್ವಾ," ಅಂದ ಈರಣ್ಣ. ಸಿಗ್ನಲ್ಲಿನಲ್ಲಿ ರೇಣು ಕನ್ನಡಿಯೊಳಗಿಂದ ಅವನನ್ನು ನೋಡಿ, ಹಸಿರು ಬಿದ್ದೊಡನೆ ಗಾಡಿ ಮುಂದಕ್ಕೆ ಬಿಟ್ಟಳು.

ಹೀಗೆ ಎಂಟು ತಿಂಗಳು. ಒಂದು ಅಲಗಿಗೆ ಎರಡೆರಡು ಸಾಣೆ, ಒಂದು ಕೆಡಿಸಲು, ಒಂದು ಕಟ್ಟಲು. ಮೂವತ್ತು ವರ್ಷದಲ್ಲಿ ಒಂದೂವರೆ ಬೆರಳು ಸವೆದಿದ್ದ ಉಕ್ಕು ಈ ಎಂಟು ತಿಂಗಳಲ್ಲಿ ಅರ್ಧ ಬೆರಳು ಸವೆಯಿತು. ಜೋಡಿ ಅಲಗು ಜೊತೆಜೊತೆಗೇ ಸವೆಯುತ್ತಿದ್ದುದರಿಂದ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಮಾವನ ಮೂರು ಚುಕ್ಕೆಗಳು ಮೊನೆಗೆ ಹತ್ತಿರ ಹತ್ತಿರ ಬರುತ್ತಿರುವುದನ್ನು ಈರಣ್ಣ ಮಾತ್ರ ದಿನವೂ ನೋಡುತ್ತಿದ್ದ.

ಆ ಗುರುವಾರ ಚೀಲ ತೆಗೆದು ನೋಡಿದರೆ ಅಲಗಿನ ಒಂದು ಮೂಲೆ ಎಳ್ಳುಕಾಳಿನಷ್ಟು ಹಾರಿಹೋಗಿತ್ತು. ದೇವರ ಮಂಟಪವೊಂದರ ಬಾಗಿಲು ಶನಿವಾರ ಕೊಡಬೇಕಿತ್ತು. ಹಲಗೆಗೆ ಕೊನೆಯ ಹತ್ತರಿ ಕೊಡುವುದು ಅಂದೇ ಮುಗಿಯಬೇಕು, ಮರುದಿನ ಪಾಲಿಶ್‌ನವನು ಬರುತ್ತಾನೆ. ತಗಡಿನ ಮೇಲೆ ತಿಕ್ಕಿದರೆ ಆ ಮೂಲೆ ಸರಿಹೋಗಲು ಅರ್ಧ ದಿನ ಬೇಕು.

"ಗ್ರೈಂಡರಿಗೆ ಹಿಡೀರಿ ಕಾಕಾ, ಎರಡು ನಿಮಿಷ," ಅಂದ ಬಾಳು.

ಈರಣ್ಣ ಹಿಡಿದ. ಹೊತ್ತಾಯಿತೆಂಬ ಅವಸರಕ್ಕೆ ಬಿಗಿಯಾಗಿಯೇ ಒತ್ತಿದ. ಕಿಡಿ ಚೆಲ್ಲಿತು. ನೀರಿಗದ್ದಿ ಎತ್ತಿದಾಗ ಮೊನೆಯುದ್ದಕ್ಕೂ ನವಿಲುಗರಿಯ ನೀಲಿ ಹರಡಿಕೊಂಡಿತ್ತು. ನೀಲಿ ಬಂದ ಉಕ್ಕು ಸತ್ತ ಉಕ್ಕು. ಕಾವು ಅದರ ಗಟ್ಟಿತನವನ್ನು ತಿಂದುಬಿಟ್ಟಿರುತ್ತದೆ. ಕಮ್ಮಾರನ ಅಳಿಯನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀಲಿ ಹೋಗುವ ತನಕ ತೇದ. ನೀಲಿ ಹೋದಾಗ ಮೊನೆಗೂ ಚುಕ್ಕೆಗೂ ನಡುವೆ ಒಂದು ಉಗುರಿನಷ್ಟು ಉಕ್ಕು ಉಳಿದಿತ್ತು.

ಬಾಗಿಲು ನುಣುಪಾಗಿ ಬಂತು. ಅಲಗನ್ನು ಮಾತ್ರ ಅವನು ಮನೆಗೆ ಒಯ್ಯಲಿಲ್ಲ. ಅರಿವೆಯಲ್ಲಿ ಸುತ್ತಿ ಕಪಾಟಿನ ಹಿಂದೆ ತುರುಕಿದ.

ಅಂದು ಸಂಜೆ ರುದ್ರವ್ವ ಬಾಗಿಲಲ್ಲೇ ನಿಂತಿದ್ದಳು. ಎಂದೂ ಹಾಗೆ ನಿಲ್ಲುವವಳಲ್ಲ.

"ಹೆಂಗಿತ್ರಿ ಇವತ್ತ ಅಲಗು?" ಅಂದಳು.

"ಭಾಳ ಚಲೋ ಆಗಿತ್ತು," ಅಂದ ಈರಣ್ಣ ಚಪ್ಪಲಿ ಬಿಡುತ್ತ. "ಸವತಿಕಾಯಿ ಹೆರದಂಗ ಹೆರೀತು."

"ಏನೂ ತೊಂದ್ರಿ ಆಗ್ಲಿಲ್ಲ?"

"ಏನ್ ತೊಂದ್ರಿ? ಅವಸರದಾಗ ಅಂಗಡ್ಯಾಗ ಮರತ ಬಂದೆ ನೋಡು ಅದನ್ನ."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ನಾಳೆ ಅಮಾಸಿ," ಅಂದಳು. ಒಳಗೆ ಹೋದಳು.

ಈರಣ್ಣನಿಗೆ ಅದು ಮರೆತೇಹೋಗಿತ್ತು. ಅವರ ಮನೆತನದಲ್ಲಿ ಅಮಾವಾಸ್ಯೆಯ ದಿನ ಯಾವ ಹತಾರವೂ ಮರವನ್ನು ಮುಟ್ಟಬಾರದು, ಯಾವ ಮೊನೆಯೂ ಕಲ್ಲನ್ನು ಮುಟ್ಟಬಾರದು. ಎಲ್ಲ ಹತಾರವೂ ಮನೆಗೆ ಬರಬೇಕು. ತೊಳೆದು, ಒರೆಸಿ, ಎಣ್ಣೆ ಸವರಿ, ಕುಂಕುಮ ಇಟ್ಟು ಪೂಜೆ ಮಾಡಬೇಕು. ಒಂದು ಮೊಳೆ ಕೀಳುವ ಚಿಮಟವೂ ಹೊರಗೆ ಉಳಿಯುವಂತಿಲ್ಲ.

ಬೆಳಗ್ಗೆ ರುದ್ರವ್ವ ಸ್ನಾನ ಮಾಡಿ, ಗ್ಯಾಲರಿಯಲ್ಲಿ ಚಾಪೆ ಹಾಸಿ, ಚೀಲದಲ್ಲಿದ್ದ ಉಳಿ, ಕರಗಸ, ಮೂಲೆಮಟ್ಟ ಎಲ್ಲ ತೆಗೆಸಿ ಸಾಲಾಗಿ ಇಡಿಸಿದಳು. ರೇಣು ಇಟ್ಟು ಕೊಟ್ಟು ಆಫೀಸಿಗೆ ಹೋದಳು. ನಡುವೆ ಒಂದು ಅಲಗಿನಷ್ಟು ಜಾಗ ಖಾಲಿ ಇತ್ತು.

"ಹೋಗಿ ತರ್ರಿ," ಅಂದಳು ರುದ್ರವ್ವ.

"ಇರ್ಲಿ ಬಿಡು. ಮುಂದಿನ ಅಮಾಸಿಗೆ ಆದೀತು."

"ನಮ್ಮಪ್ಪ ಮಾಡಿದ್ದು ಅದು. ಪೂಜಿ ಇಲ್ದ ಅಂಗಡ್ಯಾಗ ಬಿದ್ದಿರಬೇಕೇನು? ತರ್ರಿ, ನಾ ಕುಂತಿರ್ತೀನಿ."

ಹತ್ತು ನಿಮಿಷದ ದಾರಿಗೆ ಈರಣ್ಣ ಅರ್ಧ ಗಂಟೆ ತೆಗೆದುಕೊಂಡ. ಅಲಗು ಕಳವಾಯಿತು ಅನ್ನಲೇ ಎಂದು ಯೋಚಿಸಿದ. ಬಾಳುವಿನ ಕೈಯಿಂದ ಜಾರಿ ಮುರಿಯಿತು ಅನ್ನಲೇ ಎಂದು ಯೋಚಿಸಿದ. ಎಂಟು ತಿಂಗಳು ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಸುಳ್ಳು ಬರದೆ, ಕೊನೆಗೆ ಅಲಗನ್ನು ಅರಿವೆ ಸಮೇತ ತಂದು ಅವಳ ಮುಂದೆ ಇಟ್ಟ.

ರುದ್ರವ್ವ ಅರಿವೆ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು. ಅವನು ಸಹಾಯಕ್ಕೆ ಕೈ ಚಾಚಲಿಲ್ಲ. ಅವಳು ಅಲಗನ್ನು ಅದರ ಜೋಡಿಯ ಪಕ್ಕ ಮಲಗಿಸಿ, ಹಿಂದಿನ ತುದಿ ಸಮ ಮಾಡಿ, ಮೊನೆಗಳ ಮೇಲೆ ಬೆರಳು ಆಡಿಸಿದಳು. ಒಂದರಿಂದ ಇನ್ನೊಂದಕ್ಕೆ ಬೆರಳು ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಚುಕ್ಕೆಗಳನ್ನು ಹುಡುಕಿತು. ಮತ್ತೆ ಮೊನೆಗೆ ಬಂತು.

"ಗ್ರೈಂಡರಿಗೆ ಹಿಡದೀರಿ."

"ಹೂಂ."

"ನೀಲಿ ಬಂದಿತ್ತು?"

"ಹೂಂ."

ಅವಳ ಧ್ವನಿ ಈಚೆಗೆ ಸಣ್ಣದಾಗಿತ್ತು. ಕೆಳಗೆ ತರಕಾರಿ ಗಾಡಿಯವನು ಕೂಗುತ್ತ ಹೋಗುವವರೆಗೂ ಕಾದು ಮಾತಾಡಿದಳು.

"ಮೊನ್ನೆ ಮಸಿಯುವಾಗ ನನ್ನ ಕೈಯಿಂದ ಬಿತ್ರಿ ಅದು. ಇಲ್ಲೆ, ಈ ಫರಸಿ ಮ್ಯಾಲೆ. ಮೂಲಿ ಹಾರಿದ್ದು ಬೆರಳಿಗೆ ತಿಳೀತು. ಹೇಳಬೇಕಂತ ಮಾಡಿದ್ದೆ. ಆಮ್ಯಾಲೆ, ಬ್ಯಾಡ, ಅವರೇ ಬಂದು ಬೈಲಿ ಅಂತ ಸುಮ್ನಾದೆ. ನಿನ್ನೆ ಇಡೀ ದಿನ ನಿಮ್ಮ ಬೈಗುಳದ ದಾರಿ ಕಾದೀನಿ. ನೀವು ಬಂದು ಭಾಳ ಚಲೋ ಆಗಿತ್ತು ಅಂದ್ರಿ."

ಈರಣ್ಣ ಚಾಪೆಯ ಅಂಚಿನ ಎಳೆಯೊಂದನ್ನು ಹಿಡಿದು ಕೂತ.

ಅವಳು ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ ಮುಂಗೈಯನ್ನು ಅವನ ಮುಂದೆ ಹಿಡಿದಳು. ಬೋಳಾಗಿರುತ್ತಿದ್ದ ಜಾಗದಲ್ಲಿ ನಯವಾದ ಕೂದಲು ಬೆಳೆದಿತ್ತು. ಎಷ್ಟೋ ತಿಂಗಳಿಂದ ಬೆಳೆದಿದ್ದಿರಬೇಕು, ಒಂದೇ ಮನೆಯಲ್ಲಿದ್ದೂ ಅವನು ನೋಡಿರಲಿಲ್ಲ.

"ದಿನಾ ಸವರಿ ನೋಡ್ತೀನಿ. ಒಂದ ಕೂದಲ ಬೀಳೂದಿಲ್ಲ. ಕೈ ನಡಗತದ, ಹಿಂಗಾಗಿ ಸರಿಯಾಗಿ ಸವರಾಕ ಆಗೂದಿಲ್ಲೇನೋ, ಅಲಗ ಚಲೋನ ಇರಬೇಕು, ಅವರು ಚಲೋ ಅಂತಾರಲ್ಲ ಅಂತ ನಂಬಿದ್ದೆ. ನೀವು ಎಂದೂ ಹೊಗಳಿದವರಲ್ಲ. ಹೊಗಳಾಕ ಹತ್ತಿದ ದಿನಾನ ನನಗ ತಿಳೀಬೇಕಿತ್ತು."

"ನಿನಗ ನೋವಾಗ್ತದಂತ, ರುದ್ರಿ."

"ಯಾರ ಕಡೆ ಕಲತ್ರಿ?"

"ಬಾಳ್ಯಾ ತೋರಿಸಿದ. ಗಾಲಿ ಹಚ್ಚಿ ಉರುಳಸೂದದು."

"ಗಾಲಿ ಹಚ್ಚಿ," ಅಂದಳು ಅವಳು. ನಗಲು ನೋಡಿದಳು, ಆಗಲಿಲ್ಲ. "ಎಂಟ ತಿಂಗಳ ಹಿಂದ ನನ್ನ ಬಲಗೈ ಒಂದ ಹೋಗಿತ್ರಿ. ಎಡಗೈ ಸರಿ ಇತ್ತು, ಮಾತು ಸರಿ ಇತ್ತು. ನಿಮ್ಮ ಕೈ ಮ್ಯಾಲೆ ಕೈ ಇಟ್ಟು ಕಲಿಸ್ತಿದ್ದೆ. ಮಸಿಯೂದು ಹೋದ್ರ ಹೋಗ್ಲಿ, ಕಲಿಸೂದಾದ್ರೂ ನನಗ ಉಳದಿತ್ತು. ಅದನ್ನೂ ನೀವು ಬಾಳ್ಯಾನ ಕಡೆ ಕೇಳ್ಕೊಂಡ್ರಿ."

ಗ್ಯಾಲರಿಯ ಸರಳಿನ ನೆರಳು ಹತಾರಗಳ ಮೇಲೆ ಬಿದ್ದಿತ್ತು. ಅವಳಿಂದ ಕೆಲಸ ಕಸಿಯಬಾರದು ಎಂದು ತಾನು ಮಾಡಿದ್ದೆಲ್ಲ, ಅವಳಿಗೆ ಉಳಿದಿದ್ದ ಕೆಲಸವನ್ನೇ ಕಸಿದಿತ್ತು ಎಂಬುದು ಈರಣ್ಣನಿಗೆ ಆಗ ತಿಳಿಯಿತು.

"ಕಲ್ಲು ನೀರಿಗೆ ಹಾಕ್ರಿ," ಅಂದಳು ರುದ್ರವ್ವ.

"ಇವತ್ತ ಅಮಾಸಿ."

"ನನಗೂ ಗೊತ್ತದ. ನಾಳೆ ನನ್ನ ಮಾತು ಎಷ್ಟ ಉಳೀತದೋ ಅದು ಗೊತ್ತಿಲ್ಲ. ಹಾಕ್ರಿ."

ಅಮಾವಾಸ್ಯೆಯ ದಿನ ಅವಳ ಎದುರು ಬ್ಲೇಡಿನಿಂದ ಪೆನ್ಸಿಲು ಹೆರೆಯಲೂ ಅವನು ಅಂಜುತ್ತಿದ್ದ. ಬಕೆಟ್ಟಿನಲ್ಲಿ ಕಲ್ಲು ಮುಳುಗಿಸಿದ. ಗುಳ್ಳೆ ಏಳುವುದು ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು. ಉದ್ದನೆಯ ಅಲಗಿಗೆ ಅವನು ಕೈ ಹಾಕಿದರೆ ಅವಳು ಬೇಡವೆಂದು ತಲೆಯಾಡಿಸಿದಳು.

"ಕೆಟ್ಟಿದ್ದರಾಗ ಕಲೀರಿ. ಚಲೋದ ಯಾಕ ಕೆಡಿಸ್ತೀರಿ."

"ಇದರಾಗ ಉಕ್ಕ ಉಗುರಿನಷ್ಟ ಉಳದದ."

"ಸಾಕು. ನಾನೂ ಅಷ್ಟ ಕಲಿಸಾಕಿ."

ಅವನು ಅಲಗಿನ ಹಿಮ್ಮಡಿ ಊರಿದ. ಅವಳು ಎಡಗೈಯನ್ನು ಅವನ ಕೈ ಮೇಲೆ ಇಟ್ಟಳು. ಆ ಕೈಗೂ ಈಗ ನಡುಕ ಇಳಿದಿತ್ತು. ಅದು ಅವನ ಬೆರಳಿಗೆ ಬಂತು, ಬೆರಳಿನಿಂದ ಅಲಗಿಗೆ, ಅಲಗಿನಿಂದ ಕಲ್ಲಿಗೆ. ಉಕ್ಕು ಕಲ್ಲಿನ ಮೇಲೆ ಚಿಟಚಿಟ ಅಂದಿತು. ಎರಡು ಸಲ ನೋಡಿ ಅವಳು ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿದಳು.

"ಮಸೀರಿ. ಕೇಳ್ತೀನಿ."

ಅವನು ಮಸೆದ.

"ಎತ್ತಿದ್ರಿ."

ಇಳಿಸಿದ.

"ಭಾಳ ಇಳಿಸಿದ್ರಿ. ನೀರು ನೋಡ್ರಿ, ಮೊನಿ ಮುಂದ ಎಳಿ ಬರಬೇಕು."

ಎಳೆ ಬಂತು.

"ಹಾಂ. ಈಗ ಮಣಿಕಟ್ಟ ಅಲ್ಲೇ ನಿಲ್ಲಸ್ರಿ. ಭುಜ ಆಡಲಿ."

ಅವಳ ಧ್ವನಿ ಮಾತಿನಿಂದ ಮಾತಿಗೆ ಇಳಿಯುತ್ತಿತ್ತು. ಕೇಳಿಸಿಕೊಳ್ಳಲು ಅವನು ಮಸೆಯುವುದನ್ನು ನಿಲ್ಲಿಸಿ ಅವಳ ಬಾಯಿಯ ಹತ್ತಿರ ಕಿವಿ ತರಬೇಕಾಗುತ್ತಿತ್ತು. ಆಗ ಓರೆ ತಪ್ಪುತ್ತಿತ್ತು. ಮತ್ತೆ ಹಿಮ್ಮಡಿ ಊರಿ, ಮತ್ತೆ ವಾಲಿಸಿ, ಮತ್ತೆ ನೀರಿನ ಎಳೆಗೆ ಕಾಯಬೇಕಾಗುತ್ತಿತ್ತು. ಮೂಲೆಗಳಿಗೆ ಬರುವ ಹೊತ್ತಿಗೆ ಅವಳು ಮಾತು ಬಿಟ್ಟು, ಅವನು ಅಲಗನ್ನು ಎತ್ತಿದರೆ ತಲೆಯನ್ನು ಅಡ್ಡಕ್ಕೂ ಸರಿಯಿದ್ದರೆ ಉದ್ದಕ್ಕೂ ಆಡಿಸತೊಡಗಿದಳು. ನಡುಕಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದೆ ಅವನು ಎರಡೆರಡು ಸಲ ಕೇಳಿದ.

ಕೊನೆಗೆ ಅವಳು ಕಣ್ಣು ತೆರೆದು ಎಡ ಮುಂಗೈ ಚಾಚಿದಳು. ಅದು ನಿಲ್ಲಲಿಲ್ಲ. ಈರಣ್ಣ ಅವಳ ಮಣಿಕಟ್ಟನ್ನು ತನ್ನ ಮೊಣಕಾಲ ಮೇಲೆ ಒತ್ತಿಹಿಡಿದು, ಉಸಿರು ಬಿಗಿಹಿಡಿದು, ಅಲಗನ್ನು ಸವರಿದ. ಕೂದಲು ಸದ್ದಿಲ್ಲದೆ ಉದುರಿತು. ರೂಪಾಯಿಯಷ್ಟು ಜಾಗ ಮತ್ತೆ ಬೋಳಾಯಿತು.

ಅವಳು ಅದನ್ನು ನೋಡಿದಳು. ಬೆರಳಿನಿಂದ ಒಮ್ಮೆ ಮುಟ್ಟಿದಳು. ಆಮೇಲೆ ಬಳೆಗಳನ್ನು ಕೆಳಕ್ಕೆ ಇಳಿಸಿಕೊಂಡು, ಎರಡೂ ಅಲಗುಗಳನ್ನು ಒಂದೇ ಅರಿವೆಯಲ್ಲಿ ಇಟ್ಟು ಸುತ್ತಲು ನೋಡಿದಳು. ಆಗಲಿಲ್ಲ. ಅವನ ಕಡೆ ದೂಡಿದಳು.

"ಇನ್ನ ಮ್ಯಾಲೆ ಎರಡೂ ನಿಮ್ಮ ಚೀಲದಾಗ ಇರ್ಲಿ," ಅಂದಳು.

ಈ ಒಂದು ಮಾತು ಅವಳ ಬಾಯಿಂದ ಬರದಿರಲೆಂದು ಅವನು ಎಂಟು ತಿಂಗಳು ಒದ್ದಾಡಿದ್ದ. ಅರಿವೆ ಸುತ್ತಿದ. ಗಂಟು ಹಾಕಿದ. ಚೀಲದಲ್ಲಿಟ್ಟ. ಪೂಜೆಗೆ ತಂದ ಕುಂಕುಮದ ಬಟ್ಟಲು ಮುಟ್ಟದೆ ಹಾಗೇ ಇತ್ತು.

"ಒಮ್ಮೆ ಬೈರಿ," ಅಂದಳು ರುದ್ರವ್ವ.

"ಯಾಕ?"

"ಮೂಲಿ ಹಾರಿಸೀನಲ್ಲ. ನಿನ್ನೆ ಬೈಬೇಕಿತ್ತು, ಬೈಲಿಲ್ಲ. ಇದೇ ಕಡೇದು. ಬೈರಿ."

ಈರಣ್ಣ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಏನವ್ವಾ," ಅಂದ. "ಇವತ್ತ ರೊಟ್ಟಿಗೆ..."

ಮುಂದೆ ಬರಲಿಲ್ಲ. ಅವಳು ಗೋಡೆಗೆ ಒರಗಿ, ತಿರುಗಿಸಿ ಅನ್ನಬೇಕಾದ ಮಾತನ್ನು ತುಟಿಯ ಮೇಲೆ ಇಟ್ಟುಕೊಂಡು, ಅವನು ಮುಗಿಸುವುದನ್ನು ಕಾಯುತ್ತ ಕೂತಳು.